ತಿರುಗಾಟ: ಯಕ್ಷಗಾನ ಮೇಳದವರ ಈ ಪದಕ್ಕೆ ಬೇರೆ ಸೀಮೆಗಳಲ್ಲಿ ಏನನ್ನುತ್ತಾರೆ?

ಗೆಳೆಯರೇ,

'ತಿರುಗಾಟ' ಎಂಬ ಪದದ ಬಗ್ಗೆ ಕೇಳುವುದಿದೆ. ಪದವೇನೋ ಎಲ್ಲರಿಗೂ ಗೊತ್ತಿರುವುದೇ. ಆದರೆ ಕರಾವಳಿಯ ಯಕ್ಷಗಾನ ಮೇಳದವರು ಅದನ್ನು ಬಳಸುವ ಬಗೆ ಬೇರೆ. ಈ ಮಾತುಗಳನ್ನು ನೋಡಿ:

"ಅವರು ಆ ಮೇಳದಲ್ಲಿ ಹನ್ನೆರಡು ತಿರುಗಾಟ ಮಾಡಿದ್ದಾರೆ."
"ಇದು ಇವರ ಮೊದಲ ತಿರುಗಾಟ."
"ಅರ್ಧ ತಿರುಗಾಟಕ್ಕೇ ಮೇಳ ಬಿಟ್ಟು ಬಂದರು."
"ಈ ಸಲದ ತಿರುಗಾಟ ಯಾವ ಮೇಳದಲ್ಲಿ?"

ಇಲ್ಲೆಲ್ಲ ತಿರುಗಾಟ ಅಂದರೆ ಸುಮ್ನೆ ಅಲೆಯುವುದಲ್ಲ. ಮೇಳವು ಗೆಜ್ಜೆ ಕಟ್ಟಿ ಹೊರಟ ದಿನದಿಂದ ಗೆಜ್ಜೆ ಬಿಚ್ಚುವ ದಿನದವರೆಗೆ ಊರಿಂದ ಊರಿಗೆ ಹೋಗುತ್ತಾ ರಾತ್ರಿ ರಾತ್ರಿ ಆಟ ಆಡುವ ಇಡೀ ಕಾಲಕ್ಕೆ ಅದು ಹೆಸರು. ಸಾಧಾರಣವಾಗಿ ನವೆಂಬರ್ ಹೊತ್ತಿಗೆ ಶುರುವಾಗಿ ಮೇ ಕೊನೆಗೆ ಮುಗಿಯುತ್ತದೆ. ತುಳುನಾಡಿನಲ್ಲಿ ಪತ್ತನಾಜೆ, ಅಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ, ಗೆಜ್ಜೆ ಬಿಚ್ಚುವ ಗಡುವು. ಅದು ಮೇ 24ರ ಆಸುಪಾಸಿನಲ್ಲಿ ಬರುತ್ತದೆ. ಅಷ್ಟು ಹೊತ್ತಿಗೆ ಮಳೆ ಬಾಗಿಲಿಗೆ ಬಂದಿರುತ್ತದೆ.

ಈ ಪ್ರಶ್ನೆ ಈಗ ಯಾಕೆ ಬಂತು ಅಂದರೆ, ಹಿರಿಯ ಮದ್ದಳೆಗಾರರೊಬ್ಬರ ಬಗ್ಗೆ ಒಂದು ಪತ್ರಿಕೆಗೆ ಬರೆದು ಕಳಿಸಿದ್ದೆ. "ಅವರು ಮೊದಲ ತಿರುಗಾಟ ಮಾಡಿದ್ದು ಕಾಲ್ನಡಿಗೆಯಲ್ಲಿ" ಎಂದು ಬರೆದಿದ್ದೆ. ಅಚ್ಚಾಗಿ ಬಂದಾಗ "ಅವರು ಮೊದಲ ಪ್ರವಾಸ ಮಾಡಿದ್ದು ಕಾಲ್ನಡಿಗೆಯಲ್ಲಿ" ಎಂದಾಗಿತ್ತು. ಕೇಳಿದರೆ, ತಿರುಗಾಟ ಅಂದರೆ ಓದುಗರಿಗೆ ಪೋಲಿ ತಿರುಗಿದಂತೆ ಕೇಳಿಸುತ್ತದೆ ಎಂದರು. ಬಯಲುಸೀಮೆಯ ಓದುಗರಿಗೆ ಹಾಗೆ ಕೇಳಿಸಬಹುದು, ಒಪ್ಪುತ್ತೇನೆ. "ಕೆಲಸ ಇಲ್ಲ ಕಾರ್ಯ ಇಲ್ಲ, ಬರೀ ತಿರುಗಾಟ" ಎಂದು ಬೈಯುವುದು ಎಲ್ಲ ಕಡೆ ಇದೆ, ಅಲ್ವಾ? ಆದರೂ 'ಪ್ರವಾಸ' ಇಲ್ಲಿ ಸಲ್ಲದು. ಪ್ರವಾಸ ಅಂದರೆ ಮನೆಯಿಂದ ನಾಲ್ಕು ದಿನ ಹೊರಗೆ ಹೋಗಿ ನೋಡಿ ಬರುವುದು. ಮೇಳದವರು ಊರು ನೋಡಲು ಹೋಗುವುದಿಲ್ಲ. ಊರೇ ಅವರನ್ನು ನೋಡಲು ಬರುತ್ತದೆ.

ಬೇರೆ ಪದಗಳೂ ಹೊಂದುವುದಿಲ್ಲ. 'ಸಂಚಾರ' ಸ್ವಾಮಿಗಳಿಗೆ ಸರಿ, ಈಗ ಅದು ರಸ್ತೆಯ ವಾಹನಗಳ ಪಾಲಾಗಿದೆ. 'ಅಲೆದಾಟ'ದಲ್ಲಿ ಗೊತ್ತುಗುರಿ ಇಲ್ಲ. 'ಸುತ್ತಾಟ'ದಲ್ಲಿ ಬಿಡುವು ಇದೆ, ದುಡಿಮೆ ಇಲ್ಲ. 'ಪಾದಯಾತ್ರೆ' ಅಂದರೆ ದೇವರಿಗೋ ರಾಜಕೀಯಕ್ಕೋ ಹೊರಟಂತೆ. ನಡೆದು ಹೋಗುವುದು, ಹೋದಲ್ಲಿ ಕಲೆ ತೋರಿಸುವುದು, ಅದರಿಂದಲೇ ಹೊಟ್ಟೆ ಹೊರೆಯುವುದು, ಮತ್ತೆ ಮುಂದಿನ ಊರು. ಈ ನಾಲ್ಕೂ ಒಂದೇ ಪದದಲ್ಲಿ ಬರಬೇಕಾದರೆ ನನಗೆ ತಿಳಿದ ಕನ್ನಡದಲ್ಲಿ ತಿರುಗಾಟ ಒಂದೇ.

ಈ ಪದ ಒಂದು ಅಳತೆಯೂ ಆಗಿದೆ ಅನ್ನುವುದನ್ನು ಗಮನಿಸಿ. ಅದೇ ಮದ್ದಳೆಗಾರರನ್ನು "ಮೇಳಕ್ಕೆ ಸೇರಿ ಎಷ್ಟು ವರ್ಷ ಆಯ್ತು?" ಎಂದು ಕೇಳಿದ್ದೆ. "ವರ್ಷ ನನಗೆ ನೆನಪಿಲ್ಲ ಮಾರಾಯ್ರೆ, ತಿರುಗಾಟದ ಲೆಕ್ಕ ಬೇಕಾದ್ರೆ ಹೇಳ್ತೇನೆ" ಅಂದರು. ಆಮೇಲೆ ಬೆರಳು ಮಡಚುತ್ತಾ ಇಂಥ ಮೇಳದಲ್ಲಿ ಇಷ್ಟು, ಇಂಥ ಮೇಳದಲ್ಲಿ ಇಷ್ಟು ಎಂದು ಹೇಳುತ್ತಾ ಹೋದರು. ಹೀಗೆ ಲೆಕ್ಕ ಹಾಕುವುದಕ್ಕೆ ಕಾರಣ ಇದೆ. ಆಟದ ಕಾಲ ಒಂದು ಇಸವಿಯಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುತ್ತದೆ. ಇಸವಿ ಹಿಡಿದು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಕಲಾವಿದರಿಗೂ ಮೇಳದ ಯಜಮಾನರಿಗೂ ಆಗುವ ಮಾತುಕತೆಯೂ ತಿರುಗಾಟಕ್ಕೆ ಇಷ್ಟು ಎಂದೇ. ಹಾಗಾಗಿ ಪತ್ರಿಕೆಗಳಲ್ಲೂ "2023-24ನೇ ಸಾಲಿನ ತಿರುಗಾಟ" ಎಂದು ಬರೆಯುವುದನ್ನು ನೋಡುತ್ತೇವೆ.

ವ್ಯಾಕರಣದಲ್ಲೂ ಇದು ಬೇರೆಯಾಗಿ ನಿಂತಿದೆ. ಮಾಮೂಲಿ ಅರ್ಥದ ತಿರುಗಾಟವನ್ನು ಯಾರೂ ಎಣಿಸುವುದಿಲ್ಲ. "ತಿರುಗಾಟ ಜಾಸ್ತಿ ಆಯ್ತು, ಕಾಲು ನೋಯುತ್ತಿದೆ" ಅನ್ನುತ್ತೇವೆ, "ಎರಡು ತಿರುಗಾಟ ಆಯ್ತು" ಅನ್ನುವುದಿಲ್ಲ. ಮೇಳದವರು ಎಣಿಸುತ್ತಾರೆ. ಇನ್ನೊಂದು, ಮೇಳದ ಮಾತಿನಲ್ಲಿ ಇದಕ್ಕೆ 'ಮಾಡು' ಸೇರಲೇಬೇಕು. "ಆ ಮೇಳದಲ್ಲಿ ತಿರುಗಾಟ ಮಾಡಿದರು" ಸರಿ. "ಆ ಮೇಳದಲ್ಲಿ ತಿರುಗಾಡಿದರು" ಅಂದರೆ ಕಿವಿಗೆ ಹಿಡಿಸುವುದಿಲ್ಲ. ಅಂದರೆ ತಿರುಗಾಡು ಎಂಬ ಕ್ರಿಯಾಪದದಿಂದ ಹುಟ್ಟಿದ್ದರೂ ಈ ನಾಮಪದ ಅದರ ಕೈಬಿಟ್ಟು ತನ್ನ ಕಾಲ ಮೇಲೆ ನಿಂತಿದೆ.

ಕೊನೆಯ 'ಆಟ'ದ ಬಗ್ಗೆ ಕರಾವಳಿಯಲ್ಲಿ ಒಂದು ವಿವರಣೆ ಕೇಳಿಬರುತ್ತದೆ: ತಿರುಗಿ ತಿರುಗಿ ಆಡುವ ಆಟವೇ ತಿರುಗಾಟ ಎಂದು. ಅಲ್ಲಿ 'ಆಟ' ಅಂದರೇ ಯಕ್ಷಗಾನ. "ಇವತ್ತು ನಮ್ಮಲ್ಲಿ ಆಟ ಉಂಟು" ಅಂದರೆ ಕ್ರಿಕೆಟ್ ಎಂದು ಯಾರೂ ತಿಳಿಯುವುದಿಲ್ಲ. ಹರಕೆಯಾಟ, ಸೇವೆಯಾಟ, ಜೋಡಾಟ, ಬಯಲಾಟ ಎಲ್ಲವೂ ಅದೇ ಆಟ. ಹಾಗಾಗಿ ಆ ವಿವರಣೆ ಸುಲಭವಾಗಿ ಹುಟ್ಟಿದೆ. ಆದರೆ ಪದದ ಕಟ್ಟು ಹಾಗಿಲ್ಲ. ಓಡು-ಓಡಾಡು-ಓಡಾಟ, ಹಾರು-ಹಾರಾಡು-ಹಾರಾಟ ಆದ ಹಾಗೆಯೇ ತಿರುಗು-ತಿರುಗಾಡು-ತಿರುಗಾಟ. ಇಲ್ಲಿ 'ಆಡು' ಒಂದು ಕೆಲಸ ಮತ್ತೆ ಮತ್ತೆ, ಅತ್ತ ಇತ್ತ ನಡೆಯುವುದನ್ನು ಹೇಳುತ್ತದೆ. ಅಷ್ಟಿದ್ದರೂ ಜನರ ವಿವರಣೆಯನ್ನು ನಾನು ತಳ್ಳಿಹಾಕಲಾರೆ. ಯಾಕೆಂದರೆ ಯಕ್ಷಗಾನದ 'ಆಟ' ಹುಟ್ಟಿದ್ದೂ ಅದೇ 'ಆಡು'ವಿನಿಂದ, ಓಡು-ಓಟ, ನೋಡು-ನೋಟ, ಕೂಡು-ಕೂಟದ ಸಾಲಿನಲ್ಲಿ. ಬೇರು ಒಂದೇ. ಮೇಳದವರ ಬಾಯಲ್ಲಿ ಈ ಪದ ಇಷ್ಟು ಗಟ್ಟಿಯಾಗಲು ಆ ಕೊನೆಯ 'ಆಟ' ಕಿವಿಗೆ ಬೀಳುವುದೂ ಒಂದು ಕಾರಣ ಇರಬೇಕು ಎಂದು ನನ್ನ ಅನಿಸಿಕೆ.

ಈಗ ಕಾಲ್ನಡಿಗೆಯ ವಿಷಯಕ್ಕೆ ಬರುತ್ತೇನೆ. ಈಗ ಮೇಳಗಳಿಗೆ ಬಸ್ಸು, ಲಾರಿ ಇವೆ. ಆಟ ಮುಗಿಸಿ ಮನೆಗೆ ಹೋಗಿ ಸಂಜೆ ಬೈಕಿನಲ್ಲಿ ಮುಂದಿನ ಜಾಗಕ್ಕೆ ಬರುವವರೂ ಇದ್ದಾರೆ. ಹಿಂದೆ ತಿರುಗಾಟ ಅಂದರೆ ನಡಿಗೆಯೇ. ಬೆಳಗಿನ ಜಾವ ಮಂಗಳ ಹಾಡಿ ಆಟ ಮುಗಿಯುತ್ತಿತ್ತು. ಮುಖಕ್ಕೆ ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಬೇಕು. ಬಣ್ಣದ ವೇಷದವರಿಗೆ, ಅಂದರೆ ರಾಕ್ಷಸ ಪಾತ್ರದವರಿಗೆ, ಚುಟ್ಟಿ ಬಿಡಿಸುವುದೇ ಒಂದು ಕೆಲಸ. ಅಕ್ಕಿ ಹಿಟ್ಟು, ಸುಣ್ಣದಲ್ಲಿ ಒಂದೊಂದೇ ಚುಕ್ಕಿ ಇಟ್ಟು ಗಂಟೆಗಟ್ಟಲೆ ಕೂತು ಬರೆದದ್ದು ಮುಖಕ್ಕೆ ಕಚ್ಚಿಕೊಂಡಿರುತ್ತದೆ. ಕಿರೀಟ, ಭುಜಕೀರ್ತಿ, ಗೆಜ್ಜೆ ಪೆಟ್ಟಿಗೆ ಸೇರಬೇಕು. ದೇವರ ಪೆಟ್ಟಿಗೆ ಬೇರೆ, ಅದನ್ನು ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಜಾಗದಲ್ಲಿ, ಇಟ್ಟು ಪೂಜೆ ಮಾಡುತ್ತಾರೆ. ಆಮೇಲೆ ಪೆಟ್ಟಿಗೆ ಹೊರುವವರ ಜೊತೆ ಗದ್ದೆ ಬದು, ಗುಡ್ಡದ ದಾರಿ, ಅಡಿಕೆ ಮರದ ಸಂಕ (ಕಾಲುಸೇತುವೆ) ದಾಟಿ ಮುಂದಿನ ಊರಿಗೆ. ನೇತ್ರಾವತಿ, ಸೀತಾ, ಸ್ವರ್ಣಾ, ವಾರಾಹಿ ಅಡ್ಡ ಬಂದರೆ ದೋಣಿಗೆ ಕಾಯಬೇಕು. ಬಡಗಿನ, ಅಂದರೆ ಉತ್ತರದ ಶೈಲಿಯ, ಮೇಳಗಳು ಘಟ್ಟ ಹತ್ತಿ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಗೂ ಹೋಗುತ್ತಿದ್ದವು, ಈಗಲೂ ಹೋಗುತ್ತವೆ. ನಡೆಯುವ ಕಾಲದಲ್ಲಿ ನಾಳಿನ ಆಟ ಕಾಲಿಗೆ ಎಟಕುವ ದೂರದಲ್ಲೇ ಇರಬೇಕಿತ್ತು. ಮೇಳ ಬಂದಿದೆ ಎಂದು ಸುತ್ತಲಿನ ಊರಿಗೆ ತಿಳಿಯುತ್ತಿದ್ದದ್ದು ಸಂಜೆ 'ಕೇಳಿ' ಬಡಿದಾಗ, ಅಂದರೆ ಆಟ ಇದೆ ಎಂದು ಸಾರುವ ಚಂಡೆಯ ಸದ್ದಿನಿಂದ.

ನವೆಂಬರಿನಿಂದ ಮೇವರೆಗೆ ಎಂಬ ಕಾಲವೂ ನಡಿಗೆಗೆ ಹೊಂದಿಕೊಂಡದ್ದೇ. ಮಳೆ ನಿಂತಿರುತ್ತದೆ, ಹೊಳೆ ಇಳಿದಿರುತ್ತದೆ, ಮೊದಲ ಬೆಳೆಯ ಕೊಯ್ಲಾಗಿ ಗದ್ದೆ ಬಯಲು ಒಣಗಿರುತ್ತದೆ. ದಾರಿಯೂ ಸಿಗುತ್ತದೆ, ರಂಗಸ್ಥಳ ಹಾಕಲು ಜಾಗವೂ ಸಿಗುತ್ತದೆ. ಹೀಗೆ ನೋಡಿದರೆ ತಿರುಗಾಟ ಎಂಬ ಪದದೊಳಗೆ ಭತ್ತದ ಬೇಸಾಯದ ಲೆಕ್ಕವೂ ಇದೆ.

ಮಳೆಗಾಲದಲ್ಲಿ ಅದೇ ಕಲಾವಿದರಲ್ಲಿ ಕೆಲವರು ಐದಾರು ಜನ ಸೇರಿ ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಮನೆಮನೆಗೆ ಹೋಗುತ್ತಾರೆ. ಭಾಗವತರು, ಮದ್ದಳೆಯವರು, ಒಂದು ಸ್ತ್ರೀವೇಷ, ಒಂದು ಪುರುಷವೇಷ. ಮನೆಯವರು ದೀಪ ಹಚ್ಚಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ ಇಟ್ಟಿರುತ್ತಾರೆ. ಅದರ ಮುಂದೆ ಸ್ವಲ್ಪ ಹೊತ್ತು ಕಥೆಯ ಒಂದು ತುಣುಕು ಆಡಿ, ಕೊಟ್ಟದ್ದನ್ನು ತೆಗೆದುಕೊಂಡು ಮುಂದಿನ ಮನೆಗೆ. ಇದಕ್ಕೂ ಅವರು ತಿರುಗಾಟ ಎಂದೇ ಹೇಳುತ್ತಾರೆ. ಅದೇ ಮಳೆಗಾಲದಲ್ಲಿ ಮುಂಬೈಗೆ ಹೋಗಿ ಸಭಾಂಗಣದಲ್ಲಿ ಆಡಿ ಬಂದರೆ ಅದು 'ಮುಂಬೈ ಟೂರ್'. ನಾನು ಕೇಳಿದ ಮಟ್ಟಿಗೆ ಅದಕ್ಕೆ ತಿರುಗಾಟ ಅಂದವರು ಕಡಿಮೆ. ಊರೂರು, ಮನೆಮನೆ ಸರಣಿಯಾಗಿ ಮುಟ್ಟುತ್ತಾ ಹೋದರೆ ಮಾತ್ರ ತಿರುಗಾಟ ಎಂಬ ಭೇದ ಅವರ ಮನಸ್ಸಿನಲ್ಲಿ ಇರುವಂತಿದೆ.

ಪತ್ರಿಕೆಯವರ ಅಳುಕಿಗೂ ಒಂದು ಹಳೆಯ ನಂಟು ಇದೆ. ತಿರುಗು ಎಂಬುದಕ್ಕೆ ಹತ್ತಿರದ ಪದ 'ತಿರಿ'. ಹಳಗನ್ನಡದಲ್ಲಿ ತಿರಿ ಅಂದರೆ ಸುತ್ತು, ಅಲೆ. ಅಲೆದು ಬೇಡು ಎಂಬ ಅರ್ಥವೂ ಅದಕ್ಕೇ ಬಂತು. ತಿರುಕ, ತಿರುಪೆ ಎಲ್ಲ ಆ ಕಡೆಯವು. ಮನೆಮನೆ ಸುತ್ತುವವನನ್ನು ನಮ್ಮ ಭಾಷೆ ಬೇಗ ಬೇಡುವವನ ಸಾಲಿಗೆ ಸೇರಿಸಿಬಿಟ್ಟಿದೆ. ಮೇಳದವರ ತಿರುಗಾಟ ಆ ಸಾಲಿಗೆ ಸೇರದೆ ಮರ್ಯಾದೆ ಉಳಿಸಿಕೊಂಡಿದೆ. ಅವರನ್ನು ವೀಳ್ಯ ಕೊಟ್ಟು ಕರೆಯುತ್ತಾರೆ. ಕಟೀಲಿನಂಥ ಕಡೆ ಹರಕೆಯಾಟಕ್ಕೆ ವರ್ಷಗಟ್ಟಲೆ ಕಾಯುವವರಿದ್ದಾರೆ. ಅಂಥ ಪದವನ್ನು ಅಚ್ಚಿನಲ್ಲಿ ಹಿಂದೆ ಸರಿಸುವುದು ನನಗೆ ಬೇಸರ ತಂದಿದೆ. ಓದುಗರಿಗೆ ಗೊತ್ತಿಲ್ಲದಿದ್ದರೆ ಬಳಸಿ ಬಳಸಿಯೇ ಗೊತ್ತು ಮಾಡಬೇಕು.

ಹೀಗೆ ಯೋಚಿಸುವಾಗ ನಮ್ಮ ಬೇರೆ ಸೀಮೆಗಳ ತಿರುಗುವ ಹಾಡುಗಾರರು ತಮ್ಮ ಈ ನಡಿಗೆಗೆ ಏನನ್ನುತ್ತಾರೆ ಎಂಬ ಕುತೂಹಲ ಹುಟ್ಟಿತು.

ವೃತ್ತಿ ನಾಟಕ ಕಂಪನಿಗಳ ಪದ 'ಕ್ಯಾಂಪ್', ಕೆಲವರು 'ಮೊಕ್ಕಾಂ' ಅನ್ನುತ್ತಾರೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಿಂದ ಹಿಡಿದು ಈಗ ಜಾತ್ರೆಗಳಲ್ಲಿ ಆಡುವ ಕಂಪನಿಗಳವರೆಗೆ ಇದೇ. ಅವರು ಒಂದು ಊರಿನಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ನಿಲ್ಲುತ್ತಾರೆ. ಹಾಗಾಗಿ ನಿಲ್ಲುವುದಕ್ಕೆ ಹೆಸರು ಬಂತು. ಮೇಳದವರು ದಿನಕ್ಕೊಂದು ಊರು, ಹಾಗಾಗಿ ಹೋಗುವುದಕ್ಕೆ ಹೆಸರು ಬಂತು. ಇದು ನನಗೆ ಬಹಳ ಇಷ್ಟವಾದ ವ್ಯತ್ಯಾಸ.

ಮಲೆನಾಡಿನ ಅಂಟಿಕೆ-ಪಂಟಿಕೆಯವರು ದೀಪಾವಳಿಯ ರಾತ್ರಿಗಳಲ್ಲಿ ದೀಪ ಹಿಡಿದು ಮನೆಯಿಂದ ಮನೆಗೆ, ಊರಿಂದ ಊರಿಗೆ ಹಾಡುತ್ತಾ ನಡೆಯುತ್ತಾರೆ. ದೀಪ ಆರಬಾರದು. ಬಾಗಿಲು ತೆಗೆಸುವುದಕ್ಕೆ ಒಂದು ಹಾಡು, ಎಣ್ಣೆ ಎರೆಸಿಕೊಳ್ಳುವುದಕ್ಕೆ ಇನ್ನೊಂದು. ಇದಕ್ಕೆ 'ಹಬ್ಬ ಹಾಡುವುದು' ಎಂದು ಹೇಳುವುದನ್ನು ಕೇಳಿದ್ದೇನೆ. ಹೆಸರಿನ 'ಅಂಟಿಕೆ' ದೀಪ ಅಂಟಿಸುವುದರಿಂದ ಬಂದಿದೆ ಅನ್ನುವುದು ಒಪ್ಪುವ ಮಾತು. 'ಪಂಟಿಕೆ' ಬೇರೆ ಅರ್ಥದ ಪದವೋ, ಹಣ್ಣುಹಂಪಲಿನ ಹಂಪಲಿನಂತೆ ಜೋಡಿಗೆ ಬಂದದ್ದೋ? ಸಾಗರ, ತೀರ್ಥಹಳ್ಳಿ ಕಡೆಯವರು ಹೇಳಬೇಕು.

ಚಾಮರಾಜನಗರ, ಮಂಡ್ಯ, ಮೈಸೂರು ಕಡೆ ಮಲೆ ಮಾದೇಶ್ವರನ ದೇವರಗುಡ್ಡರು ಕಂಸಾಳೆ ಹಿಡಿದು, ಮಂಟೇಸ್ವಾಮಿಯ ನೀಲಗಾರರು ತಂಬೂರಿ ಹಿಡಿದು ತಿರುಗುತ್ತಾರೆ. ಅಲ್ಲಿ 'ಕೋರಣ್ಯ' ಎಂಬ ಪದ ಇದೆ. ಅದು ಜೋಳಿಗೆಗೆ ಬೀಳುವ ಭಿಕ್ಷೆಗೆ ಹೆಸರೋ, ಭಿಕ್ಷೆಗೆಂದು ಹೊರಡುವ ಇಡೀ ನಡಿಗೆಗೂ ಹೆಸರೋ? "ಕೋರಣ್ಯಕ್ಕೆ ಹೋದರು" ಅಂದಾಗ ಎರಡೂ ಹೊಂದುತ್ತವೆ. 'ಕೋರಾನ್ನ' ಎಂಬ ರೂಪವನ್ನೂ ನೋಡಿದ್ದೇನೆ, ಅಲ್ಲಿ 'ಅನ್ನ' ಕಾಣಿಸುತ್ತದೆ. ಎರಡೂ ಒಂದೇ ಪದವೇ? ಕಿನ್ನರಿ ಜೋಗಿಗಳು, ಎತ್ತಿನ ಜೊತೆ ಬಂದು ವಂಶದ ಕಥೆ ಹೇಳುವ ಹೆಳವರು, ಹಗಲುವೇಷದವರು, ಬಳ್ಳಾರಿ ಕಡೆಯ ಬುರ್ರಕಥೆಯವರು, ಇವರ ಒಳಮಾತಿನಲ್ಲೂ ಇಂಥ ಪದಗಳು ಇದ್ದೇ ಇರುತ್ತವೆ. ಆ ಕುಟುಂಬಗಳವರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಬರೆಯಿರಿ.

ಕರಾವಳಿಯವರಿಗೂ ಒಂದು ಪ್ರಶ್ನೆ ಉಳಿದಿದೆ. ಆಟ ಆಡುವ ಜಾಗಕ್ಕೆ ರಂಗಸ್ಥಳ, ಬಣ್ಣ ಹಚ್ಚುವಲ್ಲಿಗೆ ಚೌಕಿ, ಉಳಿಯುವಲ್ಲಿಗೆ ಬಿಡಾರ. ಒಂದು ಬಿಡಾರದಿಂದ ಇನ್ನೊಂದಕ್ಕೆ ನಿದ್ದೆಗಣ್ಣಿನಲ್ಲಿ ನಡೆಯುವ ಆ ಒಂದು ಬೆಳಗಿನ ಹಾದಿಗೆ ಏನಾದರೂ ಹೆಸರಿತ್ತೇ? ಕುಂದಾಪುರ ಕನ್ನಡದಲ್ಲಿ, ಹವ್ಯಕ ಕನ್ನಡದಲ್ಲಿ, ಕಾಸರಗೋಡು ಕಡೆ, ತುಳುವಿನಲ್ಲಿ ಯಾವುದಿದ್ದರೂ ಸರಿ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಮನೆಯಲ್ಲಿ ಇರುವವರು 'ತಿರುಗಾಟ'ದ ಕೆಳಗೆ ಕೊಟ್ಟಿರುವ ಅರ್ಥ ಮತ್ತು ಪ್ರಯೋಗಗಳನ್ನು ಇಲ್ಲಿ ಬರೆದರೆ ಉಪಕಾರವಾಗುತ್ತದೆ. ಪದ ಹೇಳುವವರು ಅದು ಬರುವ ಒಂದು ಮಾತನ್ನೂ, ಯಾವ ಊರಿನದು ಅನ್ನುವುದನ್ನೂ ಜೊತೆಗೆ ಹಾಕಿ.