ಬ್ಲ್ಯಾಕ್ ಬೆಲ್ಟ್‌ಗೆ ಮುನ್ನ ಸಮಾಜಸೇವೆ: ಕೊಡಗಿನಲ್ಲಿ ಮಾಡಿಸಿದವರು, ಮಾಡಿದವರು ಅನುಭವ ತಿಳಿಸಿ

ಪ್ರಶ್ನೆ: ಕುಶಾಲನಗರದ ಕರಾಟೆ ಶಿಕ್ಷಕ

ಎಲ್ಲರಿಗೂ ನಮಸ್ಕಾರ. ಕುಶಾಲನಗರದಲ್ಲಿ ಕರಾಟೆ ಹೇಳಿಕೊಡುತ್ತೇನೆ. ನಮ್ಮ ಬ್ರೌನ್ ಬೆಲ್ಟ್ ಮಕ್ಕಳಲ್ಲಿ ಕೆಲವರು ಮುಂದಿನ ವರ್ಷ ಬ್ಲ್ಯಾಕ್ ಬೆಲ್ಟ್ ಪರೀಕ್ಷೆಗೆ ಕೂರುವವರಿದ್ದಾರೆ. ವಯಸ್ಸು 14ರಿಂದ 17. ಅಮೆರಿಕದ ಎಷ್ಟೋ ಕರಾಟೆ, ಟೇಕ್ವಾಂಡೊ ಶಾಲೆಗಳಲ್ಲಿ ಇಂತಿಷ್ಟು ಗಂಟೆ ಸಮಾಜಸೇವೆ ಮಾಡಿದವರಿಗೆ ಮಾತ್ರ ಈ ಪರೀಕ್ಷೆಗೆ ಅವಕಾಶ. ನಮ್ಮಲ್ಲೂ ಅದನ್ನು ತರಬೇಕೆಂದಿದ್ದೇನೆ. ನಮ್ಮ ಜಿಲ್ಲೆಯ ಮಳೆ, ಬಸ್ಸು, ಕಾಡಾನೆ ಎಲ್ಲವನ್ನೂ ಗಮನದಲ್ಲಿಟ್ಟುಕೊಂಡು ಎಂಥ ಕೆಲಸ ಕೊಡಬಹುದು? ಪೋಷಕರನ್ನು ಒಪ್ಪಿಸುವುದು ಹೇಗೆ? ದಯವಿಟ್ಟು ಬರೆಯಿರಿ.

ಸೋಮವಾರಪೇಟೆಯ ಟೇಕ್ವಾಂಡೊ ಶಿಕ್ಷಕಿ

ಮಾಸ್ಟರ್, ಇಂಥ ನಿಯಮ ನಮ್ಮಲ್ಲಿ ಕೆಲವು ವರ್ಷಗಳಿಂದ ಇದೆ. ಪೋಷಕರು ಕೇಳುವ ಮೊದಲ ಪ್ರಶ್ನೆ, "ಇದು ಪರೀಕ್ಷೆಯಲ್ಲಿ ಬರುತ್ತದೆಯೇ?" ಬರುವುದಿಲ್ಲ ಎಂದು ನೇರವಾಗಿ ಹೇಳಿಬಿಡಿ. ಕೊರಿಯಾದಲ್ಲಿರುವ ಟೇಕ್ವಾಂಡೊ ಕೇಂದ್ರ ಸಂಸ್ಥೆ ಕುಕ್ಕಿವಾನ್‌ನ ಪ್ರಮಾಣಪತ್ರಕ್ಕೆ ಪೂಮ್ಸೆ (ಕ್ರಮಬದ್ಧ ಚಲನೆಗಳ ಸರಣಿ), ಕ್ಯೊರುಗಿ (ಎದುರಾಳಿಯೊಡನೆ ಕಾದಾಟ), ಹಲಗೆ ಒಡೆಯುವುದು ಇವನ್ನು ನೋಡುತ್ತಾರೆಯೇ ಹೊರತು ಸೇವೆಯನ್ನಲ್ಲ. ಅದು ಗುರು ತನ್ನ ಶಾಲೆಗೆ ಹಾಕಿಕೊಳ್ಳುವ ನಿಯಮ. ಆದ್ದರಿಂದ ಪರೀಕ್ಷೆ ಹತ್ತಿರ ಬಂದಾಗ ಹೇಳಿದರೆ ಜಗಳವಾಗುತ್ತದೆ. ಮಗುವಿಗೆ ಬ್ರೌನ್ ಬೆಲ್ಟ್ ಕಟ್ಟುವ ದಿನವೇ ನಿಯಮವನ್ನು ಬರೆದು ಕೈಗೆ ಕೊಡಿ.

"ಕಲಿಯಲು ಕಳಿಸಿದ್ದೇವೆ, ಕಸ ಎತ್ತಲು ಅಲ್ಲ" ಎಂದವರೂ ಇದ್ದರು. ಅವರಿಗೆ ನಾನು ಜಿಗೊರೊ ಕಾನೊ ಅವರ ಕಥೆ ಹೇಳುತ್ತೇನೆ. ಜೂಡೋ ಹುಟ್ಟುಹಾಕಿ, 1880ರ ದಶಕದಲ್ಲಿ ಡಾನ್ ದರ್ಜೆಗಳನ್ನು (ಬ್ಲ್ಯಾಕ್ ಬೆಲ್ಟ್‌ನ ಹಂತಗಳು) ಆರಂಭಿಸಿದವರು ಅವರು. ವೃತ್ತಿಯಿಂದ ಶಿಕ್ಷಕರು. ತನ್ನ ಏಳಿಗೆ ಮತ್ತು ಇತರರ ಏಳಿಗೆ ಒಟ್ಟಿಗೇ ಆಗಬೇಕು ಎಂಬುದನ್ನು ಜೂಡೋದ ಗುರಿ ಎಂದು ಸಾರಿದವರು. ಅವರ ಡಾನ್ ಪದ್ಧತಿಯನ್ನೇ ಜಪಾನಿನಲ್ಲಿ ಕರಾಟೆ ಹರಡಿದ ಫುನಾಕೋಶಿ 1924ರಲ್ಲಿ ಕರಾಟೆಗೆ ತಂದರು. ಬೆಲ್ಟನ್ನು ಕಾನೊ ಅವರಿಂದ ಪಡೆದ ಮೇಲೆ ಅವರ ಗುರಿಯನ್ನು ಪಕ್ಕಕ್ಕಿಡುವುದು ಸರಿಯಲ್ಲ. ಇಷ್ಟು ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ.

ವಯಸ್ಸಿನ ವಿಚಾರ. ಕುಕ್ಕಿವಾನ್ 15 ತುಂಬದ ಮಕ್ಕಳಿಗೆ ಡಾನ್ ಕೊಡುವುದಿಲ್ಲ, ಪೂಮ್ ಎಂಬ ಬೇರೆ ದರ್ಜೆ ಕೊಡುತ್ತದೆ. ನಾನೂ ಅದೇ ಗೆರೆಯನ್ನು ಹಿಡಿದಿದ್ದೇನೆ. 15ಕ್ಕಿಂತ ಚಿಕ್ಕವರು ನನ್ನ ಕಣ್ಣಳತೆಯಲ್ಲೇ ಕೆಲಸ ಮಾಡಬೇಕು, ದೊಡ್ಡವರು ಜೊತೆಯಾಗಿ ಹೊರಗೆ ಹೋಗಬಹುದು.

ಕಾಲದ ಆಯ್ಕೆ ಬಹಳ ಮುಖ್ಯ. ಜೂನ್‌ನಿಂದ ಆಗಸ್ಟ್‌ವರೆಗೆ ಹೊರಗಿನ ಕೆಲಸ ಬೇಡ. ಶಾಲೆಗಳಿಗೇ ಮಳೆ ರಜೆ ಕೊಡುವ ದಿನಗಳವು. ಡಿಸೆಂಬರ್‌ನಿಂದ ಕಾಫಿ ಕೊಯ್ಲು, ಆ ಬೆನ್ನಿಗೇ ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆ. ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ ನವೆಂಬರ್-ಡಿಸೆಂಬರ್‌ನ ಪುತ್ತರಿ ಹಬ್ಬದವರೆಗಿನ ಕಾಲವೇ ನಮಗೆ ಸಿಗುವುದು. ಅದರಲ್ಲೇ ಮಡಿಕೇರಿ ದಸರಾ ಇದೆ, ತಲಕಾವೇರಿಯ ತುಲಾ ಸಂಕ್ರಮಣ ಇದೆ. ದಸರೆಯ ಕೊನೆಗೆ ಹತ್ತು ದೇವಸ್ಥಾನಗಳ ದಶಮಂಟಪಗಳ ಶೋಭಾಯಾತ್ರೆ ರಾತ್ರಿಯೆಲ್ಲ ನಡೆದ ಮೇಲೆ ಬೆಳಿಗ್ಗೆ ಮಡಿಕೇರಿಯ ರಸ್ತೆ ಹೇಗಿರುತ್ತದೆ ಎಂಬುದನ್ನು ನೋಡಿದವರಿಗೆ ಕೆಲಸ ಎಲ್ಲಿದೆ ಎಂದು ಹೇಳಬೇಕಾಗಿಲ್ಲ.

ಆದರೆ ಮಕ್ಕಳನ್ನಷ್ಟೇ ಒಂದು ದಂಡಾಗಿ ಇಳಿಸಬೇಡಿ. ಪೌರಕಾರ್ಮಿಕರ ಜೊತೆ, ಅವರು ಹೇಳಿದಂತೆ ಕೆಲಸ ಮಾಡಿಸಿ. ನಮ್ಮ ಹುಡುಗನೊಬ್ಬ ಒಡೆದ ಬಾಟಲಿಯನ್ನು ಹಾಗೆಯೇ ಚೀಲಕ್ಕೆ ಹಾಕಲು ಹೋದಾಗ ಪೌರಕಾರ್ಮಿಕ ಅಕ್ಕ ಒಬ್ಬರು ತಡೆದರು. ಚೂರುಗಳನ್ನು ಹಳೆಯ ಪತ್ರಿಕೆಯಲ್ಲಿ ಎರಡು ಸುತ್ತು ಸುತ್ತಿ, ದಾರ ಕಟ್ಟಿ, ಬೇರೆ ಚೀಲದಲ್ಲಿಟ್ಟು, "ಇದನ್ನು ಮುಂದೆ ಕೈಯಲ್ಲಿ ಬೇರ್ಪಡಿಸುವವರು ನಾವೇ ಅಲ್ಲವೇ" ಎಂದರು. ಆ ಮಾತು ಕೇಳಿದ ಮೇಲೆ ಹುಡುಗ ಮಧ್ಯಾಹ್ನದವರೆಗೂ ಗಾಜು ಬಿಟ್ಟು ಬೇರೇನನ್ನೂ ಹೆಕ್ಕಲಿಲ್ಲ.

ಮಡಿಕೇರಿಯ ಯುವಕ, 2ನೇ ಡಾನ್

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡಗಳು ಜಾರಿದಾಗ ನಾನು ಬ್ರೌನ್ ಬೆಲ್ಟ್‌ನಲ್ಲಿದ್ದೆ. ನಮಗೆಲ್ಲ ಮಣ್ಣು ಕುಸಿದ ಜಾಗಕ್ಕೇ ಹೋಗಬೇಕೆಂಬ ಹುಮ್ಮಸ್ಸು. ನಮ್ಮ ಮಾಸ್ಟರ್ ಖಡಾಖಂಡಿತವಾಗಿ ಬೇಡವೆಂದರು. ಅದು ಸೈನ್ಯದ, ಎನ್‌ಡಿಆರ್‌ಎಫ್‌ನ, ಅಗ್ನಿಶಾಮಕ ದಳದ ಕೆಲಸ, ಅಲ್ಲಿ ನೀವಿದ್ದರೆ ಅವರಿಗೆ ನಿಮ್ಮನ್ನೂ ಕಾಯುವ ಹೊರೆ ಎಂದರು. ನಮ್ಮನ್ನು ಪರಿಹಾರ ಕೇಂದ್ರದ ದಾಸ್ತಾನು ಕೋಣೆಗೆ ಕಳಿಸಿದರು.

ಅಲ್ಲಿ ಆಳೆತ್ತರದ ಬಟ್ಟೆ ರಾಶಿ. ನಾಡಿನ ಎಲ್ಲ ಕಡೆಯಿಂದ ಬಂದದ್ದು. ಬಿಚ್ಚಿ ನೋಡಿದರೆ ಜಿಪ್ ಇಲ್ಲದ ಪ್ಯಾಂಟು, ಕೊರಳು ಹರಿದ ಅಂಗಿ, ಆ ಚಳಿಮಳೆಯಲ್ಲಿ ಯಾರಿಗೂ ಬೇಡದ ತೆಳು ಸೀರೆ. ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟು ಬಂದವರಿಗೆ ಬೇಕಾಗಿದ್ದದ್ದು ಹೊಸ ಒಳಉಡುಪು, ಸ್ಯಾನಿಟರಿ ಪ್ಯಾಡ್, ಕಂಬಳಿ, ಮೊಬೈಲ್ ಚಾರ್ಜರ್, ದಿನವೂ ನುಂಗುವ ಬಿಪಿ ಮಾತ್ರೆ. ನಾವು ಬಟ್ಟೆಯನ್ನು ಅಳತೆಯ ಪ್ರಕಾರ ವಿಂಗಡಿಸಿ, ರಟ್ಟಿನ ಪೆಟ್ಟಿಗೆಗಳ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಟ್ಟೆವು. ವಯಸ್ಸಾದ ಒಬ್ಬರು ಬಂದು ಏನೂ ಕೇಳದೆ ಬಾಗಿಲಲ್ಲೇ ನಿಂತಿದ್ದರು. ಸ್ವಂತ ತೋಟವಿದ್ದವರು, ಕೈಯೊಡ್ಡಿ ಅಭ್ಯಾಸವಿಲ್ಲದವರು. ನನ್ನ ಜೊತೆಗಿದ್ದ ಅಕ್ಕ ಅವರನ್ನು "ಏನು ಬೇಕು" ಎಂದು ಕೇಳಲಿಲ್ಲ. "ಮಾವ, ಈ ಸ್ವೆಟರ್ ನಿಮ್ಮ ಅಳತೆಯದೇ ಇದೆ, ಹಾಕಿ ನೋಡುತ್ತೀರಾ" ಎಂದರು. ಕೊಡುವುದನ್ನು ಹೀಗೂ ಕೊಡಬಹುದು ಎಂಬುದನ್ನು ನಾನು ಕಲಿತದ್ದು ಆಗ.

ಮಾಸ್ಟರ್, ನಿಮ್ಮೂರಿನಲ್ಲಿ 2018, 2019 ಎರಡೂ ವರ್ಷ ಕಾವೇರಿ ನೀರು ಬಡಾವಣೆಗಳಿಗೆ ನುಗ್ಗಿತ್ತು. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲೇ, ಹೊಳೆಬದಿಯ ಬೀದಿಗಳಲ್ಲಿ ಒಂಟಿ ವೃದ್ಧರು ಯಾರಿದ್ದಾರೆ, ನಡೆಯಲಾಗದವರು ಯಾರು, ಯಾರನ್ನು ಕರೆಯಬೇಕು ಎಂಬ ಪಟ್ಟಿಯನ್ನು ನಿಮ್ಮ ಮಕ್ಕಳು ಪುರಸಭೆಯವರ ಒಪ್ಪಿಗೆ ಪಡೆದು ತಯಾರಿಸಬಹುದು. ಕಣ್ಣಿಗೆ ಕಾಣುವ ಕೆಲಸವಲ್ಲ, ಆದರೆ ನೀರು ಬಂದ ರಾತ್ರಿ ಅದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ.

ವಿರಾಜಪೇಟೆಯ ಒಬ್ಬ ತಾಯಿ

ನನ್ನ ಮಗಳು ಬೆಲ್ಟ್‌ಗಾಗಿ ಮಾಡಿದ ಕೆಲಸ ಪಕ್ಕದ ತೋಟದ ಲೈನ್ ಮನೆ (ಕೂಲಿಯವರ ಸಾಲುಮನೆ) ಮಕ್ಕಳಿಗೆ ಕನ್ನಡ ಓದಿಸುವುದು. ಅಸ್ಸಾಮಿನಿಂದ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು. ಶಾಲೆಗೆ ಸೇರಿದ್ದರೂ ಮೇಷ್ಟ್ರು ಹೇಳುವುದು ಅರ್ಥವಾಗದೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುತ್ತಿದ್ದರು. ಇವಳು ಭಾನುವಾರ ಬೆಳಿಗ್ಗೆ ಕಾಫಿ ಕಣದಲ್ಲಿ ಅವರನ್ನು ಸಾಲಾಗಿ ನಿಲ್ಲಿಸಿ, ಒಂದೊಂದು ಪಂಚ್‌ಗೂ ಒಂದೊಂದು ಅಂಕಿ ಕನ್ನಡದಲ್ಲಿ ಕೂಗಿಸುತ್ತಿದ್ದಳು. ಒಂದು, ಎರಡು, ಮೂರು ಎಂದು ಬಂದ ಮೇಲೆ ಬಲ, ಎಡ, ಮುಂದೆ, ಹಿಂದೆ. ಆಮೇಲೆ ಮೈಯ ಭಾಗಗಳ ಹೆಸರು. ಸ್ಲೇಟು ಬಂದದ್ದು ಬಹಳ ತಡವಾಗಿ. ಮಕ್ಕಳು ಓಡಿ ಬರುತ್ತಿದ್ದರು.

ನನ್ನ ಒಂದು ಬಲವಾದ ವಿನಂತಿ: ಫೋಟೊ ಬೇಡ. ಗಿರಿಜನರ ಹಾಡಿಗಳಿಗೆ, ಲೈನ್ ಮನೆಗಳಿಗೆ ಹಳೆ ಬಟ್ಟೆಯ ಗಂಟು ಹೊತ್ತು ಹೋಗಿ, ಯೂನಿಫಾರ್ಮ್‌ನಲ್ಲಿ ಸಾಲಾಗಿ ನಿಂತು, ಬಿಸ್ಕತ್ತು ಹಿಡಿದ ಮಗುವನ್ನು ಮುಂದೆ ನಿಲ್ಲಿಸಿ ತೆಗೆಸಿಕೊಳ್ಳುವ ಚಿತ್ರ ನೋಡಿದರೆ ನನಗೆ ಸಂಕಟವಾಗುತ್ತದೆ. ನಮ್ಮ ಮಗುವನ್ನು ಯಾರಾದರೂ ಹಾಗೆ ನಿಲ್ಲಿಸಿದರೆ ನಾವು ಸುಮ್ಮನಿರುತ್ತೇವೆಯೇ? ಎಲ್ಲ ಕಡೆ ಒಂದೊಂದು ದಿನ ಹೋಗಿ ಬರುವುದಕ್ಕಿಂತ ಒಂದೇ ಕಡೆ ತಿಂಗಳುಗಟ್ಟಲೆ ಹೋಗಲಿ. ಹೆಸರು ಗೊತ್ತಾದ ಮೇಲೆ ಆ ಮನೆಯವರೂ ನಮಗೆ ಚಹಾ ಕೊಡುತ್ತಾರೆ, ನಾವೂ ಕುಡಿಯುತ್ತೇವೆ. ಅಲ್ಲಿಂದ ಮುಂದೆ ಅದು ಉಪಕಾರದ ಲೆಕ್ಕವಾಗಿ ಉಳಿಯುವುದಿಲ್ಲ.

ಪೊನ್ನಂಪೇಟೆ ಕಡೆಯ ಸರ್ಕಾರಿ ಪ್ರೌಢಶಾಲೆ ಶಿಕ್ಷಕಿ

ಬಹಳ ಮಂದಿಗೆ ಮೊದಲು ಹೊಳೆಯುವುದು ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ಕಲಿಸುವುದು. ಒಳ್ಳೆಯದೇ. ಸಮಗ್ರ ಶಿಕ್ಷಾ ಅಡಿಯಲ್ಲಿ ರಾಣಿ ಲಕ್ಷ್ಮೀಬಾಯಿ ಹೆಸರಿನ ತರಬೇತಿಯೂ ಇದೆ, ಆದರೆ ಅದರ ಅವಧಿ ಕೆಲವೇ ತಿಂಗಳು. ಆಮೇಲೆ ಅಭ್ಯಾಸ ತಪ್ಪುತ್ತದೆ. ನಿಮ್ಮ ಮಕ್ಕಳು ಅಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತಾರೆ.

ಆದರೆ 16 ವರ್ಷದ ಹುಡುಗನನ್ನು 40 ಹುಡುಗಿಯರ ಮುಂದೆ ಒಬ್ಬನನ್ನೇ ನಿಲ್ಲಿಸಬೇಡಿ. ಹಿರಿಯ ಹುಡುಗಿಯರು ಕಲಿಸಲಿ, ನಮ್ಮ ಶಿಕ್ಷಕಿಯೊಬ್ಬರು ತರಗತಿಯಲ್ಲೇ ಇರಲಿ, ಮುಖ್ಯೋಪಾಧ್ಯಾಯರ ಮತ್ತು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಒಪ್ಪಿಗೆ ಲಿಖಿತವಾಗಿರಲಿ. ಹಂಚು ಒಡೆದು ತೋರಿಸುವುದು ಪ್ರದರ್ಶನ, ಅದನ್ನು ಸೇವೆಯ ಲೆಕ್ಕಕ್ಕೆ ಸೇರಿಸಬೇಡಿ. ಹಾರಿ ಒದೆಯುವುದನ್ನು ಒಂದು ತಾಸಿನಲ್ಲಿ ಕಲಿಸಿ ಹೋದರೆ ಹುಡುಗಿಗೆ ಇಲ್ಲದ ಧೈರ್ಯ ಬರುತ್ತದೆ, ಅದು ಅಪಾಯ. ಹಿಡಿದ ಕೈಯ ಹೆಬ್ಬೆರಳಿನ ಕಡೆಗೆ ಮಣಿಕಟ್ಟು ತಿರುಗಿಸಿ ಬಿಡಿಸಿಕೊಳ್ಳುವುದು, ಹೊಟ್ಟೆಯಿಂದ ದನಿ ತೆಗೆದು ಕೂಗುವುದು, ಜನ ಇರುವ ಕಡೆ ಓಡುವುದು, ನಡೆದದ್ದನ್ನು ನಂಬಿಕಸ್ಥ ದೊಡ್ಡವರಿಗೆ ಹೇಳುವುದು. ಇಷ್ಟು ಗಟ್ಟಿಯಾದರೆ ಸಾಕು. ಮಕ್ಕಳ ಸಹಾಯವಾಣಿ 1098, ತುರ್ತು ಸಂಖ್ಯೆ 112 ಎರಡೂ ಬಾಯಿಪಾಠವಾಗಲಿ. ನಮ್ಮ ಹುಡುಗಿಯರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಕೂಗುವುದು. ಮೆಲ್ಲಗೆ ಮಾತನಾಡು ಎಂದೇ ಹೇಳಿಸಿಕೊಂಡು ಬೆಳೆದವರು. ಗಂಟಲು ಬಿಚ್ಚಲು ವಾರಗಳೇ ಹಿಡಿದವು.

ಗಿರಿಜನ ಮಕ್ಕಳ ಆಶ್ರಮ ಶಾಲೆಗಳಿಗೆ ಹೋಗುವುದಾದರೆ ಗಿರಿಜನ ಕಲ್ಯಾಣ ಅಧಿಕಾರಿಗಳ ಅನುಮತಿ ಪಡೆದೇ ಹೋಗಿ.

ಮಡಿಕೇರಿಯ ನರ್ಸ್

ರಕ್ತದಾನದ ಆಲೋಚನೆ ಬಂದರೆ ನೆನಪಿಡಿ: ದಾನಿಗೆ 18 ತುಂಬಿರಬೇಕು, ತೂಕ ಕನಿಷ್ಠ 45 ಕಿಲೋ ಇರಬೇಕು. ನಿಮ್ಮ ಮಕ್ಕಳು ಕೊಡುವಂತಿಲ್ಲ. ಶಿಬಿರದಲ್ಲಿ ಹೆಸರು ಬರೆದುಕೊಳ್ಳುವುದು, ಕೊಟ್ಟು ಎದ್ದವರನ್ನು ಸ್ವಲ್ಪ ಹೊತ್ತು ಕೂರಿಸಿ ಜ್ಯೂಸ್ ಕೊಡುವುದು, ತಲೆಸುತ್ತು ಬಂದರೆ ಕರೆಯುವುದು ಮಾಡಬಹುದು. ದಾನಿಗಳಾಗಿ ಪೋಷಕರನ್ನು ಕರೆತನ್ನಿ.

ಕುಶಾಲನಗರದ ಕರಾಟೆ ಶಿಕ್ಷಕ

ಎಲ್ಲರಿಗೂ ಧನ್ಯವಾದ. ಗಂಟೆಗಳ ಲೆಕ್ಕ ಇಡಬೇಕೇ ಬೇಡವೇ, ಸಹಿ ಯಾರು ಹಾಕಬೇಕು, ಇದೊಂದು ತಿಳಿಯುತ್ತಿಲ್ಲ.

ನಾಪೋಕ್ಲು ಕಡೆಯ ನಿವೃತ್ತ ಸುಬೇದಾರ್

ಲೆಕ್ಕ ಬೇಡ. ಲೆಕ್ಕ ಇಟ್ಟರೆ ಹುಡುಗರು ಗಡಿಯಾರ ನೋಡುತ್ತಾರೆ. ಕೆಲಸ ಹಿಡಿಸಿ, ಮುಗಿಯುವವರೆಗೆ ಮಾಡಿಸಿ. ಪರೀಕ್ಷೆಯ ದಿನ ಎಲ್ಲರ ಮುಂದೆ ಐದು ನಿಮಿಷ ನಿಂತು ಏನು ಮಾಡಿದೆ ಎಂದು ಹೇಳಲಿ. ಮಾಡದವನ ಬಾಯಿಂದ ಐದು ನಿಮಿಷ ಮಾತು ಹೊರಡುವುದಿಲ್ಲ.

ಸೋಮವಾರಪೇಟೆಯ ಟೇಕ್ವಾಂಡೊ ಶಿಕ್ಷಕಿ

ಸುಬೇದಾರ್ ಸಾಹೇಬರ ಐದು ನಿಮಿಷದ ಮಾತು ನನಗೆ ಒಪ್ಪಿಗೆ, ಲೆಕ್ಕ ಬೇಡ ಎಂಬುದು ಒಪ್ಪಿಗೆಯಿಲ್ಲ. ಲೆಕ್ಕವಿಲ್ಲದಿದ್ದರೆ ಕಾರಿನಲ್ಲಿ ಬಂದುಹೋಗುವ ಮನೆಯ ಮಗು ನೂರು ಗಂಟೆ ಮಾಡಿ ಮೆರೆಯುತ್ತದೆ. ಭಾನುವಾರ ತಮ್ಮ-ತಂಗಿಯರನ್ನು ನೋಡಿಕೊಳ್ಳಬೇಕಾದ ಕೂಲಿಯವರ ಮನೆಯ ಹುಡುಗ ತಲೆತಗ್ಗಿಸುತ್ತಾನೆ. ಸೇವೆಯೇ ಅವನನ್ನು ಬೆಲ್ಟ್‌ನಿಂದ ದೂರ ಇಡುವಂತಾದರೆ ನಿಯಮವೇ ಬೇಡ. ಅದಕ್ಕೇ ನಾನು ಎಲ್ಲರಿಗೂ ಒಂದೇ ಮಿತಿ ಇಟ್ಟು, ಸೇವೆಗೆ ಬೇರೆ ದಿನ ಕೇಳದೆ ತರಗತಿಯ ಅವಧಿಯನ್ನೇ ಬಿಟ್ಟುಕೊಡುತ್ತೇನೆ. ತಿಂಗಳಿಗೊಂದು ತರಗತಿ ಹೊರಗೆ. ಶುಲ್ಕ ಬೇರೆ ಇಲ್ಲ, ಬಸ್ಸಿನ ಖರ್ಚು ಶಾಲೆಯದು.

ಸಹಿ ಗುರು ಹಾಕುವುದು ಬೇಡ. ಯಾರ ಕೆಲಸವಾಯಿತೋ ಅವರು ಹಾಕಲಿ: ಮುಖ್ಯೋಪಾಧ್ಯಾಯರು, ಪೌರಕಾರ್ಮಿಕರ ಮೇಸ್ತ್ರಿ, ಲೈನ್ ಮನೆಯ ಹಿರಿಯರು. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಲಿ, ನನಗೆ ಅದೂ ಪ್ರಮಾಣವೇ. ನಮ್ಮ ತರಗತಿಯ ನೆಲ ಒರೆಸುವುದು, ನಮ್ಮ ಪಂದ್ಯಾವಳಿಯ ಟಿಕೆಟ್ ಮಾರುವುದು ಯಾವತ್ತೂ ಸೇವೆಯಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯುವ ಕಡೆ ಪೋಷಕರು ಪ್ರಶ್ನೆ ಕೇಳಲೇಬೇಕು.

ವಿರಾಜಪೇಟೆಯ ಒಬ್ಬ ತಾಯಿ

ಒಂದು ಮಾತು ಬಿಟ್ಟುಹೋಯಿತು ಮಾಸ್ಟರ್. ಸಿದ್ದಾಪುರ, ಪಾಲಿಬೆಟ್ಟದ ಕಡೆ ತೋಟಗಳ ಒಳಗೆ ಕೆಲಸವಿದ್ದರೆ ಸಂಜೆ ನಾಲ್ಕಕ್ಕೆ ಮುಗಿಸಿ ಹೊರಡಿಸಿ. ಆನೆ ಇಳಿಯುವ ಹೊತ್ತಿನಲ್ಲಿ ಮಕ್ಕಳು ದಾರಿಯಲ್ಲಿರಬಾರದು. ಹೊರಡುವ ಮುನ್ನ ತೋಟದ ಲೆಕ್ಕ ನೋಡುವ ರೈಟರ್‌ಗೆ ಫೋನ್ ಮಾಡಿ, ಆ ದಿನ ಆನೆ ಎಲ್ಲಿದೆ ಎಂದು ಕೇಳಿ. ಅವರಿಗೆ ಗೊತ್ತಿರುತ್ತದೆ. ಒಪ್ಪಿಗೆ ಪತ್ರದಲ್ಲಿ ರಕ್ತದ ಗುಂಪು, ಜೇನು ಕಚ್ಚಿದರೆ ಅಲರ್ಜಿ ಇದೆಯೇ, ಮನೆಯ ಎರಡು ಫೋನ್ ಸಂಖ್ಯೆ ಇವನ್ನು ಬರೆಸಿಕೊಳ್ಳಿ. ಒಂದೇ ಸಂಖ್ಯೆ ಸಾಲದು, ನಮ್ಮ ಕಡೆ ನೆಟ್‌ವರ್ಕ್ ಹೇಗಿದೆ ಎಂದು ನಿಮಗೇ ಗೊತ್ತು.