ಪದಚರ್ಚೆ: ಕೋಳಿ ‘ಕ್ರಾಸ್’ ಮಾಡುವುದಕ್ಕೆ ಏನನ್ನೋಣ? (ಬೋರ್ಡ್ ನಾಳೆಯೇ ಬೇಕು)

ತುಮಕೂರಿನಿಂದ:
ಎಲ್ಲರಿಗೂ ನಮಸ್ಕಾರ. ರೈತರ ತರಬೇತಿಗೆ ಒಂದು ಬೋರ್ಡ್ ಬರೆಸಬೇಕು. ಪೇಂಟರ್ ನಾಳೆ ಬೆಳಿಗ್ಗೆ 10ಕ್ಕೆ ಬರ್ತಾರೆ. ಕೆಲಸ ಇಷ್ಟು: ರೋಡ್ ಐಲೆಂಡ್ ರೆಡ್ ತಳಿಯ ಹುಂಜವನ್ನು ಪ್ಲಿಮತ್ ರಾಕ್ ತಳಿಯ ಯಾಟೆಗಳ (ಹೆಣ್ಣುಕೋಳಿಗಳ) ಜೊತೆ ಬಿಡುತ್ತೇವೆ. ಯಾಟೆಯ ಗರಿಯಲ್ಲಿರುವ ಕಪ್ಪು-ಬಿಳಿ ಅಡ್ಡಗೆರೆ ಗಂಡುಮರಿಗೆ ಮಾತ್ರ ಹೋಗುತ್ತದೆ. 21ನೇ ದಿನ ಮೊಟ್ಟೆ ಒಡೆದಾಗ ಕಪ್ಪು ಮರಿಯ ನೆತ್ತಿಯಲ್ಲಿ ಬಿಳಿ ಚುಕ್ಕೆ ಕಂಡರೆ ಗಂಡು, ಇಲ್ಲದಿದ್ದರೆ ಹೆಣ್ಣು. ಆ ಹೆಣ್ಣುಗಳಲ್ಲಿ ಎದೆ ಅಗಲ ಇರುವುದನ್ನು ಆರಿಸಿ, ಮುಂದೆ ಅಸೀಲ್ ತಳಿಯ ಹುಂಜ ಬಿಡುವ ಯೋಚನೆಯಿದೆ. ‘ಕ್ರಾಸ್‌ಬ್ರೀಡಿಂಗ್’, ‘ಬಾರ್ಡ್’ (ಆ ಅಡ್ಡಗೆರೆಯ ಗರಿ), ‘ಬಾಡಿ ಟೈಪ್’ ಈ ಮೂರಕ್ಕೆ ಪದ ಬೇಕು.

ಧಾರವಾಡದಿಂದ:
ವರ್ಣ-ದೇಹರಚನಾ ಸಂಕರಣ. 1972ರ ವರಲಕ್ಷ್ಮಿ ಹತ್ತಿ ನಮ್ಮ ಧಾರವಾಡದ್ದೇ. ಸಂಕರ ಹತ್ತಿ, ಸಂಕರ ಜೋಳ ಅಂತ ಬರೆದು ರೂಢಿಯಾಗಿದೆ. ಹೊಸದಾಗಿ ಹುಡುಕುವುದೇನೂ ಇಲ್ಲ.

ಮಂಡ್ಯದಿಂದ:
ಖಂಡಿತ ಬೇಡ. ‘ವರ್ಣ’, ‘ಸಂಕರ’ ಎರಡನ್ನೂ ಒಂದೇ ಸಾಲಿನಲ್ಲಿಟ್ಟರೆ ಗೀತೆಯ ಮೊದಲ ಅಧ್ಯಾಯ ನೆನಪಾಗುತ್ತದೆ. ಅಲ್ಲಿ ವರ್ಣಸಂಕರ ಅಂದರೆ ಕುಲ ಕೆಡುವ ಮಾತು. ಕೋಳಿಗೂಡಿನ ಮೇಲೆ ಅದು ಯಾಕೆ? ‘ಬೆರೆ’ಯಿಂದ ಬಂದ ‘ಬೆರಕೆ’ ಇದೆಯಲ್ವಾ. ಗರಿಬಣ್ಣ, ಮೈಕಟ್ಟು, ಬೆರಕೆ. ಎಲ್ಲಾ ಅಪ್ಪಟ ಕನ್ನಡ. ಬಾರ್ಡ್‌ಗೆ ಪಟ್ಟೆಗರಿ ಸಾಕು. ಮಳೆ ಬಿದ್ದ ವಾರಕ್ಕೆ ನಮ್ಮಮ್ಮ ಹೊಲದ ಬದುವಿನಿಂದ ಬೆರಕೆ ಸೊಪ್ಪು ತರುತ್ತಿದ್ದರು. ಮಡಿಲಲ್ಲಿ ಅಣ್ಣೆ, ಕೀರೆ, ಗಣಿಕೆ ಎಲ್ಲಾ ಇರುತ್ತಿತ್ತು. ಬೆರೆತಿದ್ದಕ್ಕೇ ಆ ಸಾರಿಗೆ ರುಚಿ.

ಧಾರವಾಡದಿಂದ:
‘ಬಣ್ಣ’ ಅಪ್ಪಟವೇ? ವರ್ಣದ ತದ್ಭವ ಅದು. ಒಂದೆರಡು ಅಕ್ಷರ ಬದಲಾದ ಮಾತ್ರಕ್ಕೆ ಎರವಲು ಪದ ನಮ್ಮದಾಗುತ್ತದೆ ಅಂದರೆ ಸಂಕರ ಯಾಕೆ ಆಗಬಾರದು?

ಮಂಡ್ಯದಿಂದ:
ಅದೇ ನಾನು ಹೇಳುವುದು. ನಾಲಿಗೆ ತಿದ್ದಿಕೊಂಡದ್ದು ನಮ್ಮದು. ವರ್ಣವನ್ನು ಜನ ತಿದ್ದಿ ಬಣ್ಣ ಮಾಡಿಕೊಂಡರು. ಸಂಕರ ಪುಸ್ತಕದಲ್ಲಿ ಹೇಗಿತ್ತೋ ಹಾಗೇ ಇದೆ. ಇಂಗ್ಲಿಷ್ ಪದಕ್ಕೂ ನನ್ನ ಮಾತು ಇದೇ. ‘ಕ್ರಾಸ್ ಕೋಳಿ’ ಅಂತ ಊರಲ್ಲಿ ಅಂದರೆ ನನಗೆ ತಕರಾರಿಲ್ಲ, ಸಂಕರಣ ಅನ್ನುವುದಕ್ಕಿಂತ ಅದು ಎಷ್ಟೋ ಮೇಲು.

ಧಾರವಾಡದಿಂದ:
ಹಾಗಾದರೆ ಶಾಸ್ತ್ರದ ಮಾತೆಲ್ಲ ಸಂತೆಯಲ್ಲೇ ತೀರ್ಮಾನ ಆಗಲಿ ಅಂತೀರಿ. ಒಪ್ಪುವುದಿಲ್ಲ.

ತುಮಕೂರಿನಿಂದ:
ಮೇಷ್ಟ್ರೇ, ಸಂತೆಯದ್ದೇ ತೊಂದರೆ. ಬೆರಕೆ ನನಗೂ ಇಷ್ಟ. ಆದರೆ ಹೋದ ವಾರ ಒಬ್ಬರು ನಮ್ಮ ಕೋಳಿ ಎತ್ತಿ, ಎದೆ ಮುಟ್ಟಿ, ಕಾಲು ತಿರುಗಿಸಿ ನೋಡಿದರು. ‘ಇದು ನಾಟಿ ಅಲ್ಲ, ಬೆರಕೆ’ ಅಂದರು. ಅಷ್ಟೇ, ಕೆಳಗಿಟ್ಟು ಹೋದರು. ಆ ಪದವನ್ನು ನಾನೇ ಬೋರ್ಡಿಗೆ ಹಾಕಲಾರೆ. ತರಬೇತಿಗೆ ಬರುವವರು ಜಾಸ್ತಿ ಡೇರಿಗೆ ಹಾಲು ಹಾಕುವವರು. ‘ಮಿಶ್ರತಳಿ ಹಸು’ ಅವರ ಬಾಯಲ್ಲೇ ಇದೆ. ಹಾಗಾಗಿ ಹುಟ್ಟಿದ ಮರಿಗೆ ಮಿಶ್ರತಳಿ, ಮಾಡುವ ಕೆಲಸಕ್ಕೆ ತಳಿ ಬೆರೆಸುವುದು.

ಬರೆಸುತ್ತಿರುವುದು ಹೀಗೆ: ‘ಗರಿಬಣ್ಣ ಮತ್ತು ಮೈಕಟ್ಟಿಗಾಗಿ ಕೋಳಿ ತಳಿ ಬೆರೆಸುವ ಘಟಕ’. ಕೆಳಗೆ ಸಣ್ಣಕ್ಷರದಲ್ಲಿ ‘ಕೆಂಪು ಹುಂಜ, ಪಟ್ಟೆಗರಿ ಯಾಟೆ’.

ಒಂದು ಅನುಮಾನ ಉಳಿದಿದೆ. ಕಲಬುರಗಿ ಕಡೆಯವರೂ ಬರ್ತಾರೆ. ಯಾಟೆ ಅಂದರೆ ಅವರಿಗೆ ತಿಳಿಯುತ್ತದಾ, ಇಲ್ಲ ಹೇಂಟೆ ಅಂತ ಬರೆಸಲಾ? 10ರ ಒಳಗೆ ಹೇಳಿ.