ಅಪ್‌ಡೇಟ್: ಮೊಲಗಳಿಗೆ ಹಿಂಡಿ ಸೇರಿಸಿದ ಮೇಲೆ

ಒಣ ಹುಲ್ಲು, ಜೋಳದ ದಂಟು, ಸ್ವಲ್ಪ ಗೋಧಿ ಬೂಸಾ ತಿಂದು ನನ್ನ ಮೊಲದ ಮರಿಗಳು ಬೆಳೆಯುತ್ತಿಲ್ಲ, ಏನು ಸೇರಿಸಲಿ ಎಂದು ಕೇಳಿದ್ದೆ. ಪ್ರೋಟೀನ್ ಸಾಲುತ್ತಿಲ್ಲ, ಹಿಂಡಿ ಕೊಡಿ ಎಂದಿರಿ. ಅದು ನಿಜವೇ ಆಗಿತ್ತು.

ಬೆಳೆಯುವ ಮರಿಗಳ ಮೇವಿನಲ್ಲಿ ಸುಮಾರು 16% ಪ್ರೋಟೀನ್ ಬೇಕು. ಬೂಸಾದಲ್ಲಿ ಹತ್ತಿರಹತ್ತಿರ ಅಷ್ಟಿದೆ, ಆದರೆ ದಂಟಿನಲ್ಲಿ ತೀರಾ ಕಡಿಮೆ. ಮೊದಲು ಶೇಂಗಾ ಹಿಂಡಿ ತಂದೆ. ಅದರಿಂದ ಮುಗ್ಗಲು ವಾಸನೆ ಬಂತು, ಇಡೀ ಚೀಲ ಎಸೆದೆ. ಬೂಷ್ಟು ಹಿಡಿದ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಇರಬಹುದು. ಅದು ಮೊಲದ ಲಿವರ್ ಹಾಳುಮಾಡುತ್ತದೆ, ದುಡ್ಡು ಹೋಯಿತೆಂದು ನೋಡಬಾರದು. ಈಗ ಸೋಯಾ ಹಿಂಡಿ ಕೊಡುತ್ತಿದ್ದೇನೆ. ಪ್ರೋಟೀನ್ ಸುಮಾರು 44%, ಬೆಳವಣಿಗೆಗೆ ಬೇಕಾದ ಲೈಸಿನ್ (ಪ್ರೋಟೀನಿನ ಒಂದು ಅಂಶ) ಕೂಡ ಶೇಂಗಾ ಹಿಂಡಿಗಿಂತ ಜಾಸ್ತಿ.

ಒಂದು ತಪ್ಪು ಮಾಡಿದೆ. ಒಂದೇ ದಿನದಲ್ಲಿ ಮೇವು ಬದಲಿಸಿದೆ. ಎರಡು ಮರಿಗಳಿಗೆ ಭೇದಿ ಶುರುವಾಯಿತು, ತುಂಬಾ ಹೆದರಿದೆ. ಕೂಡಲೇ ಹಿಂಡಿ ನಿಲ್ಲಿಸಿ, ಪಶುವೈದ್ಯರಿಗೆ ತೋರಿಸಿದೆ. ಎರಡೂ ಉಳಿದುಕೊಂಡವು. ಆಮೇಲೆ 10 ದಿನ ಹಳೆ ಮೇವಿನಲ್ಲಿ ಸ್ವಲ್ಪಸ್ವಲ್ಪವೇ ಬೆರೆಸುತ್ತಾ ಬಂದೆ.

ಹಿಂಡಿ ಬಂತೆಂದು ಹುಲ್ಲು ಕಡಿಮೆ ಮಾಡಬೇಡಿ. ನಾರು ಇಲ್ಲದಿದ್ದರೆ ಮೊಲದ ಹೊಟ್ಟೆ ನಡೆಯುವುದೇ ಇಲ್ಲ, ಅಲ್ವಾ? ಮೊಲಗಳು ತಮ್ಮ ಮೆತ್ತನೆಯ ಹಿಕ್ಕೆಯನ್ನು ತಾವೇ ತಿನ್ನುತ್ತವೆ. ಅದು ಗೂಡಿನಲ್ಲಿ ಉಳಿಯುತ್ತಿದ್ದರೆ ಹಿಂಡಿ ಜಾಸ್ತಿಯಾಗಿರಬಹುದು. ನಾನು ದಿನಾ ಬೆಳಿಗ್ಗೆ ಮೊದಲು ಅದನ್ನೇ ನೋಡುತ್ತೇನೆ.

ಮರಿಗಳ ಬೆನ್ನೆಲುಬು ಈಗ ಕೈಗೆ ಚುಚ್ಚುವುದಿಲ್ಲ. ದಾರಿ ತೋರಿಸಿದ ಎಲ್ಲರಿಗೂ ಥ್ಯಾಂಕ್ಸ್.